ಚುಟ್ಟಿ ಓರೆಯಾದ ರಾತ್ರಿ: ಒಬ್ಬ ಬಣ್ಣದ ವೇಷಧಾರಿಯ ಶುಗರ್ ಪ್ರಕರಣ

ಜನವರಿಯ ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಮಂಗಳೂರಿನ ನಮ್ಮ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಒಂದು ಲ್ಯಾಬ್ ಚೀಟಿ. ಖಾಲಿ ಹೊಟ್ಟೆಯ ಶುಗರ್ 268. ಕುರ್ಚಿಯಲ್ಲಿ ಕೂತ ಕೂಡಲೇ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಮದ್ದು ಇನ್ನೂ ಜಾಸ್ತಿ ಮಾಡಬೇಕಾ?"

ಚೀಟಿ ಒಂದನ್ನೇ ನೋಡಿದರೆ ಹೌದು ಅನ್ನಿಸುತ್ತಿತ್ತು. ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ಚೀಟಿಗೆ ರಕ್ತ ಕೊಡುವುದಕ್ಕೆ ಆರು ಗಂಟೆ ಮೊದಲು ಅದೇ ಮನುಷ್ಯನ ಶುಗರ್ 46 ಇತ್ತು. ಆ ವಿಷಯ ಚೀಟಿಯಲ್ಲಿ ಇರಲಿಲ್ಲ. ಅವರೂ ಮೊದಲು ಹೇಳಲಿಲ್ಲ.

ನಾನು ಡಯೆಟಿಷಿಯನ್. ಮದ್ದಿನ ತೀರ್ಮಾನ ನಮ್ಮ ಡಾಕ್ಟರದ್ದು, ಊಟದ ಲೆಕ್ಕ ನನ್ನದು. ಈ ಪ್ರಕರಣವನ್ನು ಅವರಿಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರಿನ ಹೆಸರು, ಮೇಳದ ಹೆಸರು ಬೇಡ ಎಂದಿದ್ದಾರೆ. ಅವರನ್ನು ನಾನು ಅಣ್ಣ ಎಂದೇ ಕರೆಯುವುದು, ಇಲ್ಲೂ ಹಾಗೇ ಇರಲಿ. ಅವರ ಹೆಂಡತಿ ಅಕ್ಕ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಮದ್ದಿನ ಪ್ರಮಾಣ ಅಣ್ಣನ ದೇಹಕ್ಕೆ, ಅಣ್ಣನ ಕಿಡ್ನಿಗೆ, ಅಣ್ಣನ ದಿನಚರಿಗೆ ಹೊಂದಿಸಿದ್ದು. ಇದನ್ನು ಓದಿ ಯಾರೂ ತಮ್ಮ ಮಾತ್ರೆ ಬಿಡುವುದಾಗಲೀ ಬದಲಾಯಿಸುವುದಾಗಲೀ ಮಾಡಬಾರದು.

ಅಣ್ಣ ಯಾರು

ವಯಸ್ಸು 56. ತೂಕ 71 ಕಿಲೋ, ಎತ್ತರ 168 ಸೆಂಟಿಮೀಟರ್. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ತಂದೆಗೂ ಇತ್ತು. ಕಿಡ್ನಿ ಪರೀಕ್ಷೆ ಸರಿ ಇತ್ತು. ಕುಡಿತ ಇಲ್ಲ. ಎಲೆ ಅಡಿಕೆ ಇದೆ.

ಕೆಲಸ ಯಕ್ಷಗಾನ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ. ರಾವಣ, ಮಹಿಷಾಸುರ ಅಂಥ ಪಾತ್ರಗಳು. ದೀಪಾವಳಿ ಕಳೆದ ಮೇಲೆ ಮೇಳ ಹೊರಡುತ್ತದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಅಂದರೆ ಮೇ 24 ಅಥವಾ 25. ಅಂದು ಗೆಜ್ಜೆ ಬಿಚ್ಚುತ್ತಾರೆ. ನಡುವಿನ ಆರು ತಿಂಗಳು ಹೆಚ್ಚುಕಡಿಮೆ ಪ್ರತಿ ರಾತ್ರಿ ಆಟ. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ, ನಡುರಾತ್ರಿಯ ಹೊತ್ತಿಗೆ ಮುಗಿಸುತ್ತವೆ. ಅಣ್ಣನ ತಿರುಗಾಟ ಮಾತ್ರ ಇನ್ನೂ ಬೆಳಗಿನವರೆಗೆ.

ನಾನು ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಡಿಸೆಂಬರಿನಲ್ಲಿ ಅವರು ಮೊದಲ ಸಲ ನನ್ನ ಬಳಿ ಬಂದಾಗ ನಾನು ಇದನ್ನೆಲ್ಲ ಕೇಳಿರಲಿಲ್ಲ. ಕೆಲಸ ಏನು ಅಂತ ಕೇಳಿದೆ, "ಯಕ್ಷಗಾನ" ಅಂದರು, ಬರೆದುಕೊಂಡೆ. ಅಷ್ಟೇ. ಆಗ ಅವರ ಎಚ್‌ಬಿಎ1ಸಿ 8.4 ಇತ್ತು. ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು. 8.4 ಅಂದರೆ ಸರಾಸರಿ ಶುಗರ್ ಸುಮಾರು 195. ಹೆಚ್ಚಿನವರಿಗೆ ನಾವು ಇಟ್ಟುಕೊಳ್ಳುವ ಗುರಿ 7ರ ಆಸುಪಾಸು.

ಆ ಮೊದಲೇ ಬೇರೆ ಒಂದು ಕಡೆ ಅವರ ಮಾತ್ರೆ ಹೆಚ್ಚಿಸಿದ್ದರು. ಗ್ಲಿಮೆಪಿರೈಡ್ 1 ಮಿಲಿಗ್ರಾಂ ಇದ್ದದ್ದು 2 ಆಗಿತ್ತು, ದಿನಕ್ಕೆ ಎರಡು ಸಲ. ಜೊತೆಗೆ ಅದೇ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ 500. ಕಾರಣ, ಖಾಲಿ ಹೊಟ್ಟೆಯ ಶುಗರ್ 212 ಬಂದದ್ದು. ನಾನು ಅದರ ಮೇಲೆ ನನ್ನ ಚಾರ್ಟ್ ಕೊಟ್ಟೆ. ರಾತ್ರಿ ಎಂಟಕ್ಕೆ ಊಟ, ಅನ್ನ ಅರ್ಧ ಮಾಡಿ, ಚಾಕ್ಕೆ ಸಕ್ಕರೆ ಬೇಡ, ಹತ್ತೂವರೆಗೆ ಮಲಗಿ. ಎಲ್ಲರಿಗೂ ಕೊಡುವ ಚಾರ್ಟ್ ಅದು. ರಾತ್ರಿ ಹತ್ತೂವರೆಗೆ ಆ ಮನುಷ್ಯ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕನ್ನಡಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ.

ಅಣ್ಣ ಪಾಪ, ಹೇಳಿದ ಹಾಗೆ ಕೇಳುವವರು. ಮಲಗಲು ಆಗಲಿಲ್ಲ. ಅನ್ನ ಮಾತ್ರ ಅರ್ಧ ಮಾಡಿದರು.

ಆ ರಾತ್ರಿ ನಡೆದದ್ದು

ಜನವರಿಯ ಆ ಬೆಳಿಗ್ಗೆ ನಾನು ಚೀಟಿ ನೋಡುತ್ತಾ, ಏನಾದರೂ ಮಾತಾಡಬೇಕಲ್ಲ ಎಂದು, "ನಿನ್ನೆ ಆಟ ಹೇಗಾಯಿತು ಅಣ್ಣ?" ಅಂದೆ. ಅವರು ತಲೆ ತಗ್ಗಿಸಿದರು. "ನಿನ್ನೆ ಚುಟ್ಟಿ ಓರೆಯಾಯಿತು ಮೇಡಂ. ಮೂವತ್ತು ವರ್ಷದಲ್ಲಿ ಹೀಗಾದದ್ದಿಲ್ಲ."

ಬಣ್ಣದ ವೇಷದ ಮುಖ ಬರೆಯುವುದು ಸಣ್ಣ ಕೆಲಸವಲ್ಲ. ಬಣ್ಣ ಬಳಿದು, ಅದರ ಮೇಲೆ ಅಕ್ಕಿ ಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯಿಂದ ಸಾಲು ಸಾಲಾಗಿ ಇಡುತ್ತಾ ಹೋಗಬೇಕು. ಅಣ್ಣನಿಗೆ ಮೂರು ಗಂಟೆ ಬೇಕು. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಆ ಹೊತ್ತಿಗೆ ಬಾಯಿ ಅಗಲಿಸುವಂತಿಲ್ಲ, ಅಗಿಯುವಂತಿಲ್ಲ. ಹಾಗಾಗಿ ಎಂಟಕ್ಕೆ ಊಟ ಮಾಡಿ ಕೂತರೆ, ವೇಷ ಮುಗಿದು ಬಣ್ಣ ತೆಗೆಯುವವರೆಗೆ ಹೊಟ್ಟೆಗೆ ಏನೂ ಇಲ್ಲ. ಏಳು ಗಂಟೆ, ಕೆಲವೊಮ್ಮೆ ಎಂಟು. ನೀರೂ ಕಡಿಮೆ. ವೇಷ ಕಟ್ಟಿದ ಮೇಲೆ ಮೂತ್ರಕ್ಕೆ ಹೋಗುವುದು ಕಷ್ಟ, ಅದಕ್ಕೆ ಕುಡಿಯುವುದೇ ಇಲ್ಲ.

ಆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಅವರ ಕೈ ನಡುಗಲು ಶುರುವಾಯಿತು. ಕಡ್ಡಿ ನಿಲ್ಲುತ್ತಿಲ್ಲ. ಮೈಯೆಲ್ಲ ಬೆವರು. ಚೌಕಿಯಲ್ಲಿ ಬೆವರು ಹೊಸದೇನಲ್ಲ, ಆದರೆ ಇದು ತಣ್ಣಗಿನ ಬೆವರು. ವೇಷ ಕಟ್ಟಲು ನೆರವಾಗುವ ಹುಡುಗನಿಗೆ ಕಾರಣವಿಲ್ಲದೆ ಬೈದರು. ಅವರು ಯಾರಿಗೂ ಬೈಯುವವರಲ್ಲ. ಆಮೇಲೆ ಕನ್ನಡಿಯಲ್ಲಿ ಮುಖ ಎರಡಾಗಿ ಕಾಣತೊಡಗಿತು. ಸುತ್ತಲಿದ್ದವರು ನಿದ್ದೆಗೇಡು ಅಂದುಕೊಂಡರು. ಒಬ್ಬರು ದೃಷ್ಟಿ ತಾಗಿದೆ ಅಂದರು.

ಹಿಡಿದದ್ದು ಮದ್ದಳೆಯವರು. ಅವರಿಗೂ ಶುಗರ್ ಇದೆ, ಚೀಲದಲ್ಲಿ ಗ್ಲೂಕೋಮೀಟರ್ ಇಟ್ಟುಕೊಳ್ಳುತ್ತಾರೆ. ಬೆರಳು ಚುಚ್ಚಿ ನೋಡಿದರೆ 46, ತೀರಾ ಕಡಿಮೆ. ಅವರು ಅಂದು ಅಲ್ಲಿರದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು.

ಆಮೇಲೆ ಚೌಕಿಯೇ ಮುಗಿಬಿದ್ದಿತು. ನಾಲ್ಕು ಚಮಚ ಸಕ್ಕರೆ ಹಾಕಿದ ಚಾ. ಒಂದು ಲೋಟ ಶರಬತ್ತು. ಎರಡು ಬಾಳೆಹಣ್ಣು. ಚೌಕಿ ಪೂಜೆಯ ಪಂಚಕಜ್ಜಾಯ ಎರಡು ಹಿಡಿ. ಅತ್ತ ರಂಗದಲ್ಲಿ ಭಾಗವತರು ಹಿಂದಿನ ಭಾಗವನ್ನು ನಲವತ್ತು ನಿಮಿಷ ಎಳೆದರು. ಅಣ್ಣ ಚುಟ್ಟಿ ಸರಿಮಾಡಿಕೊಂಡು ರಂಗಕ್ಕೆ ಹೋದರು. ವೇಷ ಮುಗಿಸಿದರು. ನಾಲ್ಕಕ್ಕೆ ಹೆದರಿಕೆಗೆ ಇನ್ನೊಂದು ಸಿಹಿ ಚಾ ಕುಡಿದರು. ಊರಿಗೆ ಬರುವ ದಾರಿಯಲ್ಲಿ ಏಳೂವರೆಗೆ ಲ್ಯಾಬಿನಲ್ಲಿ ರಕ್ತ ಕೊಟ್ಟರು. "ತಿಂಡಿ ತಿಂದಿದ್ದೀರಾ?" "ಇಲ್ಲ." ಹಾಗಾಗಿ ಅದು ಖಾಲಿ ಹೊಟ್ಟೆ ಅಂತ ದಾಖಲಾಯಿತು.

ಖಾಲಿ ಹೊಟ್ಟೆ ಅಂದರೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಸೇರಿರಬಾರದು. ಅಣ್ಣನ ಲೆಕ್ಕದಲ್ಲಿ ತಿಂಡಿ ತಿನ್ನದಿದ್ದರೆ ಖಾಲಿ ಹೊಟ್ಟೆ. ಅವರನ್ನು ದೂರುವುದು ಸರಿಯಲ್ಲ, ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ನವೆಂಬರಿನ 212 ಕೂಡ ಹೀಗೇ ಆಟ ಮುಗಿಸಿ ಬರುವ ದಾರಿಯಲ್ಲಿ ಕೊಟ್ಟ ರಕ್ತದ್ದು. ಆ ಸಂಖ್ಯೆ ನೋಡಿ ಮಾತ್ರೆ ಏರಿತು. ಏರಿದ ಮಾತ್ರೆ ಮೇಲೆ ನಾನು ಅನ್ನ ಇಳಿಸಿದೆ. ಅನ್ನ ಇಳಿದ ಹೊಟ್ಟೆಯಲ್ಲಿ ಅವರು ರಾವಣನಾಗಿ ಕುಣಿದರು. ಕುಸಿದಾಗ ಸಿಹಿ ಸುರಿದರು. ಸಿಹಿ ಸುರಿದದ್ದಕ್ಕೆ ಬೆಳಿಗ್ಗೆ 268. ಅದನ್ನು ನೋಡಿ ಇನ್ನೂ ಏರಿಸುವುದು ಬಾಕಿ ಇತ್ತು.

ಮಾತ್ರೆ ಏನು ಮಾಡುತ್ತಿತ್ತು

ಎರಡೂ ಒಂದೇ ಮಾತ್ರೆಯೊಳಗೆ ಇದ್ದರೂ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸ್ವಭಾವ ಬೇರೆ ಬೇರೆ. ಮೆಟ್‌ಫಾರ್ಮಿನ್ ಲಿವರಿನಿಂದ ಹೊರಬರುವ ಸಕ್ಕರೆಯನ್ನು ತಗ್ಗಿಸುತ್ತದೆ. ಅದೊಂದೇ ತೆಗೆದುಕೊಂಡರೆ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಪ್ಯಾಂಕ್ರಿಯಾಸ್‌ಗೆ ಇನ್ಸುಲಿನ್ ಬಿಡು ಬಿಡು ಅನ್ನುತ್ತದೆ. ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ಅದು ನೋಡುವುದಿಲ್ಲ. ತೆಗೆದುಕೊಂಡ ಎರಡು ಮೂರು ಗಂಟೆಯಲ್ಲಿ ರಕ್ತದಲ್ಲಿ ಅದರ ಮಟ್ಟ ಹೆಚ್ಚಿರುತ್ತದೆ, ಪರಿಣಾಮ ಇಡೀ ದಿನ ಎಳೆಯಬಹುದು. ಒಳ್ಳೆಯ ಮದ್ದೇ. ಅಗ್ಗ, ಕೆಲಸ ಮಾಡುತ್ತದೆ. ಆದರೆ ಅದನ್ನು ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು.

ಜೊತೆಗೆ ಕುಣಿತ. ದುಡಿಯುವ ಸ್ನಾಯು ಇನ್ಸುಲಿನ್ ಹೆಚ್ಚು ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಕುಣಿತ ನಿಂತ ಮೇಲೂ ಗಂಟೆಗಟ್ಟಲೆ, ಕೆಲವೊಮ್ಮೆ ಮಾರನೇ ದಿನದವರೆಗೆ ಎಳೆಯುತ್ತಲೇ ಇರುತ್ತದೆ.

ಎಚ್‌ಬಿಎ1ಸಿ ಇದನ್ನೆಲ್ಲ ತೋರಿಸುವುದಿಲ್ಲ. 46 ಮತ್ತು 268 ಸೇರಿಸಿ ಅರ್ಧ ಮಾಡಿದರೆ 157. ಕೇಳಲು ಚೆನ್ನಾಗಿದೆ. ಆ 157 ಅಣ್ಣನ ದೇಹದಲ್ಲಿ ಅವತ್ತು ಇದ್ದದ್ದು ಎಷ್ಟು ನಿಮಿಷ?

ಹತ್ತು ದಿನದ ಪುಸ್ತಕ

ಡಾಕ್ಟರ್ ಅಂದೇ ಆಟದ ದಿನಗಳ ರಾತ್ರಿಯ ಗ್ಲಿಮೆಪಿರೈಡ್ ನಿಲ್ಲಿಸಿದರು. ರಾತ್ರಿಗೆ ಬರೀ ಮೆಟ್‌ಫಾರ್ಮಿನ್. ನಾನು ಅನ್ನ ವಾಪಸ್ ಕೊಟ್ಟೆ. ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ಹೇಳಿದೆ: ಹತ್ತು ದಿನ, ದಿನಕ್ಕೆ ಐದು ಸಲ. ಸಂಜೆ ಆರು, ರಾತ್ರಿ ಹನ್ನೊಂದೂವರೆ, ಒಂದೂವರೆ, ಬೆಳಿಗ್ಗೆ ಮನೆಗೆ ಬಂದ ಕೂಡಲೇ, ಮಧ್ಯಾಹ್ನ ಎದ್ದ ಕೂಡಲೇ. ಪಕ್ಕದಲ್ಲಿ ತಿಂದದ್ದು, ಮಲಗಿದ್ದು, ಯಾವ ವೇಷ ಎಂಬುದು.

ಮೊದಲ ರಾತ್ರಿ ಹನ್ನೊಂದೂವರೆಗೆ 310 ಬಂತೆಂದು ಅಕ್ಕ ಗಾಬರಿಯಲ್ಲಿ ಫೋನ್ ಮಾಡಿದರು. ಕೈ ತೊಳೆದು ಇನ್ನೊಮ್ಮೆ ನೋಡಲು ಹೇಳಿದೆ. 164. ಬೆರಳಲ್ಲಿ ಪಂಚಕಜ್ಜಾಯದ ಬೆಲ್ಲ ಅಂಟಿತ್ತು. ಮೀಟರ್ ಬೆರಳ ಮೇಲಿನ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರು ಸೋಪಿನಲ್ಲಿ ತೊಳೆದು ಒಣಗಿಸಿಯೇ ಚುಚ್ಚಬೇಕು. ಆಮೇಲೆ ಅವರು ಅದನ್ನು ತಪ್ಪಲಿಲ್ಲ.

ರಾತ್ರಿಯ ಅಂಕಿಗಳು ನಾವು ನೆನೆಸಿದ ಹಾಗೇ ಮೇಲಕ್ಕೆ ಬಂದವು. ಒಂದೂವರೆಗೆ 98, 112, 105. ಸಮಾಧಾನವಾಯಿತು. ಆದರೆ ನಾವು ಯಾರೂ ಊಹಿಸದ ಜಾಗದಲ್ಲಿ ಇನ್ನೊಂದು ಗುಂಡಿ ಇತ್ತು. ನಾಲ್ಕನೇ ದಿನ, ಮಧ್ಯಾಹ್ನ ಒಂದು ಗಂಟೆ, ಎದ್ದ ಕೂಡಲೇ: 62. ಆರನೇ ದಿನ ಅದೇ ಹೊತ್ತು: 68. ಪಕ್ಕದಲ್ಲಿ ಅಕ್ಕನ ಅಕ್ಷರದಲ್ಲಿ, "ತಲೆನೋವು. ದಿಂಬು ಒದ್ದೆ."

ಅಕ್ಕ ಆಮೇಲೆ ಹೇಳಿದರು, ದಿಂಬು ಒದ್ದೆಯಾಗುವುದು ನವೆಂಬರಿನಿಂದಲೂ ಇತ್ತು. ಹಗಲಿನ ಸೆಕೆ ಅಂದುಕೊಂಡಿದ್ದರು.

"ಬೆಳಗಿನ ಮಾತ್ರೆ" ಅಂತ ಚೀಟಿಯಲ್ಲಿ ಬರೆದಿತ್ತು. ಅಣ್ಣ ಬೆಳಿಗ್ಗೆ ಏಳಕ್ಕೆ ಮಾತ್ರೆ ನುಂಗಿ, ಮೂರು ನೀರ್ ದೋಸೆ ತಿಂದು, ಎಂಟಕ್ಕೆ ಮಲಗುತ್ತಿದ್ದರು. ಬೇರೆಯವರ ಬೆಳಿಗ್ಗೆ ಅವರ ರಾತ್ರಿ. ಇಡೀ ರಾತ್ರಿ ದುಡಿದ ಸ್ನಾಯು ಸಕ್ಕರೆ ಎಳೆಯುತ್ತಿದೆ, ಮಾತ್ರೆ ಇನ್ಸುಲಿನ್ ಬಿಡಿಸುತ್ತಿದೆ, ಮನುಷ್ಯ ಗಾಢ ನಿದ್ದೆಯಲ್ಲಿದ್ದಾರೆ. ನಿದ್ದೆಯಲ್ಲಿ ಶುಗರ್ ಇಳಿದರೆ ಎಚ್ಚರವಾಗದೇ ಹೋಗಬಹುದು. ಇದು ಚೌಕಿಯ ಘಟನೆಗಿಂತ ಅಪಾಯದ್ದು ಅಂತ ನನ್ನ ಅಭಿಪ್ರಾಯ. ಚೌಕಿಯಲ್ಲಿ ಸುತ್ತ ಜನರಾದರೂ ಇದ್ದರು.

ಇನ್ನೊಂದು ಕಡೆ ಸಂಜೆ ಆರರ ಅಂಕಿ ಪ್ರತಿ ದಿನ 240, 254, 261. ಇದಕ್ಕೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಎದ್ದ ಕೂಡಲೇ ಕೈ ನಡುಗುವ ಹಸಿವು. ಮೂರು ಬಟ್ಟಲು ಕುಚ್ಚಲಕ್ಕಿ ಅನ್ನ. ಐದಕ್ಕೆ ಚಾ ಜೊತೆ ಎರಡು ಬನ್ಸ್. "ಕುಚ್ಚಲಕ್ಕಿ ಅಲ್ವಾ ಮೇಡಂ, ಶುಗರಿನವರಿಗೆ ಒಳ್ಳೆಯದಲ್ವಾ?" ಎಂದರು ಅಕ್ಕ.

ಈ ಮಾತು ನಮ್ಮ ಕರಾವಳಿಯಲ್ಲಿ ನಾನು ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. ಅದರಲ್ಲಿ ನಿಜವೂ ಇದೆ. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ, ತೌಡು ಸ್ವಲ್ಪ ಉಳಿದದ್ದು. ಭತ್ತ ಬೇಯಿಸದೆ ಮಾಡಿದ ತೆಳ್ಳಗಿನ ಬೆಳ್ತಿಗೆ ಅಕ್ಕಿಗಿಂತ ನಿಧಾನವಾಗಿ ಶುಗರ್ ಏರಿಸುತ್ತದೆ. ಆದರೆ ಅದೂ ಅಕ್ಕಿಯೇ. ನೂರು ಗ್ರಾಂ ಅನ್ನದಲ್ಲಿ ಹೆಚ್ಚುಕಡಿಮೆ 28 ಗ್ರಾಂ ಪಿಷ್ಟ. ಅಣ್ಣನ ಮನೆಯ ಬಟ್ಟಲು ತರಿಸಿ ತೂಗಿ ನೋಡಿದೆ, ಒಂದಕ್ಕೆ 150 ಗ್ರಾಂ ಹಿಡಿಯುತ್ತದೆ. ಮೂರು ಬಟ್ಟಲಿಗೆ ಸುಮಾರು 125 ಗ್ರಾಂ ಪಿಷ್ಟ ಒಂದೇ ಸಲಕ್ಕೆ. ಅದರ ಮೇಲೆ ಮೈದಾ, ಬಾಳೆಹಣ್ಣು, ಸಕ್ಕರೆ ಕಲಸಿ ಕರಿದ ಬನ್ಸ್. ಗಂಜಿ ಮಾಡಿ ಉಂಡರೆ ಇನ್ನೂ ಬೇಗ ಏರುತ್ತದೆ, ಯಾಕೆಂದರೆ ಅಗಳು ಮೆತ್ತಗಾಗಿ ಒಡೆದಿರುತ್ತದೆ.

ಆ ಹಸಿವು ಮಾತ್ರ ಹೊಟ್ಟೆಬಾಕತನ ಅಲ್ಲ ಅಂತ ನಾನು ಅಕ್ಕನಿಗೆ ಸ್ಪಷ್ಟವಾಗಿ ಹೇಳಿದೆ. 62 ಇದ್ದ ದೇಹ ಊಟ ಕೇಳುತ್ತಿತ್ತು. ಆ ಮನೆಯಲ್ಲಿ ಈ ವಿಷಯಕ್ಕೆ ಜಗಳ ನಡೆದಿತ್ತು.

ಬದಲಾಯಿಸಿದ್ದು

ಡಾಕ್ಟರ್ ಮತ್ತು ನಾನು ಒಟ್ಟಿಗೆ ಕೂತು ಅವರ ದಿನವನ್ನು ಮಧ್ಯಾಹ್ನದಿಂದ ಶುರುಮಾಡಿ ಬರೆದೆವು. ಬೆಳಗಿನ ಗ್ಲಿಮೆಪಿರೈಡ್ ಪೂರ್ತಿ ತೆಗೆದು, ಮಧ್ಯಾಹ್ನ ಎರಡರ ದೊಡ್ಡ ಊಟದ ಜೊತೆ 1 ಮಿಲಿಗ್ರಾಂ ಮಾತ್ರ. ಮೆಟ್‌ಫಾರ್ಮಿನ್ ನಿಧಾನವಾಗಿ ಬಿಡುವ ಬಗೆಯದ್ದು, ಎರಡು ಊಟದ ಜೊತೆ. ಹೊಸದಾಗಿ ಸಿಟಾಗ್ಲಿಪ್ಟಿನ್ 100 ಮಿಲಿಗ್ರಾಂ, ದಿನಕ್ಕೊಂದು. ಇದು ಊಟ ಮಾಡಿ ಶುಗರ್ ಏರಿದಾಗ ಮುಖ್ಯವಾಗಿ ಕೆಲಸ ಮಾಡುತ್ತದೆ. ಹಸಿದಿರುವಾಗ ಸುಮ್ಮನಿರುತ್ತದೆ ಅನ್ನಬಹುದು. ಮೊದಲು ಇದು ದುಬಾರಿ ಮದ್ದು. 2022ರ ಜುಲೈಯಲ್ಲಿ ಪೇಟೆಂಟ್ ಮುಗಿದ ಮೇಲೆ ಬೇರೆ ಬೇರೆ ಕಂಪೆನಿಗಳು ಮಾಡತೊಡಗಿದವು, ಬೆಲೆ ಇಳಿಯಿತು. ಜನೌಷಧಿ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲದಿದ್ದರೆ ಮೇಳದ ಸಂಬಳದಲ್ಲಿ ಇದನ್ನು ಬರೆಯಲು ನಮಗೆ ಧೈರ್ಯ ಬರುತ್ತಿರಲಿಲ್ಲ.

ಡಾಪಾಗ್ಲಿಫ್ಲೋಜಿನ್ ಯಾಕೆ ಬೇಡ ಎಂಬುದೂ ಚರ್ಚೆಗೆ ಬಂತು. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯದು. ಆದರೆ ಇಡೀ ರಾತ್ರಿ ವೇಷದೊಳಗೆ ಬೆವರುವ, ನೀರು ಕುಡಿಯದ, ಮೂತ್ರ ಕಟ್ಟಿಕೊಳ್ಳುವ ಮನುಷ್ಯನಿಗೆ ಅದು ಹೊಂದುವುದಿಲ್ಲ ಅಂತ ಡಾಕ್ಟರ್ ಬಿಟ್ಟರು.

ಊಟ ಕಡಿಮೆ ಮಾಡಲಿಲ್ಲ, ಹಂಚಿದೆವು. ಬೆಳಿಗ್ಗೆ ಮಲಗುವ ಮೊದಲು ಎರಡು ನೀರ್ ದೋಸೆ, ಜೊತೆಗೆ ಮೊಟ್ಟೆ ಅಥವಾ ಹೆಸರುಕಾಳು. ಮಧ್ಯಾಹ್ನ ಎರಡಕ್ಕೆ ಒಂದೂವರೆ ಬಟ್ಟಲು ಅನ್ನ, ಹುರುಳಿ ಸಾರು, ತೊಂಡೆಕಾಯಿ ಅಥವಾ ಬಸಳೆ, ಮೀನಿನಲ್ಲಿ ಬೂತಾಯಿಯೋ ಬಂಗುಡೆಯೋ ಇದ್ದದ್ದು. ಬನ್ಸ್ ವಾರಕ್ಕೊಂದು. ರಾತ್ರಿ ಎಂಟಕ್ಕೆ ಆಟ ಆಡಿಸುವವರ ಮನೆಯ ಊಟ. ಅದನ್ನು ಬೇಡ ಅನ್ನುವುದು ಆಗದ ಮಾತು. ಹರಕೆ ಆಟದ ಊಟ, ಪ್ರೀತಿಯಿಂದ ಬಡಿಸುತ್ತಾರೆ. ಅನ್ನ ಒಂದು ಬಟ್ಟಲಿನ ಅಳತೆ, ಸಾಂಬಾರಿನ ಬೇಳೆ, ಪಲ್ಯ, ಮಜ್ಜಿಗೆ. ಪಾಯಸ ಎಲೆಯಲ್ಲಿ ಒಂದು ಚಮಚ, ಹೋಳಿಗೆಯಿದ್ದ ದಿನ ಅನ್ನ ಅರ್ಧ.

ತೊಡಕಾದದ್ದು ಚುಟ್ಟಿಯ ಹೊತ್ತು. ಹತ್ತೂವರೆಗೆ, ಮುಖಕ್ಕೆ ಬಣ್ಣ ಹಚ್ಚುವ ಮೊದಲು ಒಂದು ಸಣ್ಣ ಕದಳಿ ಬಾಳೆಹಣ್ಣು ಮತ್ತು ಒಂದು ಹಿಡಿ ಹುರಿದ ನೆಲಗಡಲೆ ಅಂತ ಗೊತ್ತುಮಾಡಿದೆವು. ಆಮೇಲಿನ ಮೂರು ಗಂಟೆಗೆ ದಾರಿ ಹೇಳಿದ್ದು ಆ ನೆರವಿನ ಹುಡುಗ. "ಅಣ್ಣನಿಗೆ ಸ್ಟ್ರಾ ಕೊಟ್ಟರೆ ಆಯಿತಲ್ಲ?" ಇಷ್ಟು ಸುಲಭದ್ದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಚುಟ್ಟಿ ಮುಟ್ಟದೆ ತುಟಿಯ ನಡುವೆ ಸ್ಟ್ರಾ ಇಟ್ಟು ನೀರು, ಮಜ್ಜಿಗೆ, ಬೊಂಡದ ನೀರು (ಎಳನೀರು) ಕುಡಿಯಬಹುದು.

ಒಂದೂವರೆಯ ಅಂಕಿಗೆ ಒಂದು ಕಾಗದ ಬರೆದುಕೊಟ್ಟೆ. ಅದು ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. 100ರಿಂದ 250ರವರೆಗೆ ಇದ್ದರೆ ರಂಗಕ್ಕೆ ಹೋಗಬಹುದು. 70ರಿಂದ 100 ಇದ್ದರೆ ಒಂದು ಲೋಟ ಬೊಂಡದ ನೀರು, ಅದರಲ್ಲಿ ಎಂಟು ಹತ್ತು ಗ್ರಾಂ ಸಕ್ಕರೆ ಸಹಜವಾಗಿಯೇ ಇರುತ್ತದೆ. 70ಕ್ಕಿಂತ ಕೆಳಗಿದ್ದರೆ ಚಾ ಚಮಚದಲ್ಲಿ ಮೂರು ತುಂಬು ಚಮಚ ಗ್ಲೂಕೋಸ್ ಪುಡಿ ನೀರಲ್ಲಿ, ಹದಿನೈದು ನಿಮಿಷ ಕಾಯುವುದು, ಮತ್ತೆ ನೋಡುವುದು, ಇನ್ನೂ ಕೆಳಗಿದ್ದರೆ ಮತ್ತೊಮ್ಮೆ. ಹದಿನೈದು ಗ್ರಾಂ ಗ್ಲೂಕೋಸ್ ಸಾಕು. ಬಾಳೆಹಣ್ಣು, ಚಾ, ಪಂಚಕಜ್ಜಾಯ ಎಲ್ಲ ಒಟ್ಟಿಗೆ ಬೇಡ. 100 ದಾಟುವವರೆಗೆ ರಂಗ ಇಲ್ಲ, ಭಾಗವತರು ಎಳೆಯಲಿ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಒಮ್ಮೆ ಏರಿದ್ದು ಮತ್ತೆ ಇಳಿಯಬಹುದು, ಹಾಗಾಗಿ ಆಮೇಲೆ ಏನಾದರೂ ಗಟ್ಟಿ ಆಹಾರ ಹೊಟ್ಟೆಗೆ ಸೇರಲೇಬೇಕು, ಗಂಟೆಗೊಮ್ಮೆ ನೋಡಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್.

ಈ ಕಾಗದವನ್ನು ಅಣ್ಣನಿಗೆ ಓದಿ ಹೇಳಿದ್ದಕ್ಕಿಂತ ಹೆಚ್ಚು ಸಲ ಆ ಹುಡುಗನಿಗೂ ಮದ್ದಳೆಯವರಿಗೂ ಓದಿ ಹೇಳಿದೆ. ಶುಗರ್ ಬಿದ್ದವರಿಗೆ ತಮಗೆ ಬಿದ್ದಿದೆ ಅಂತ ಎಷ್ಟೋ ಸಲ ಗೊತ್ತಾಗುವುದಿಲ್ಲ. ಕೋಪ ಮಾಡುತ್ತಾರೆ, ಏನಿಲ್ಲ ಬಿಡು ಅನ್ನುತ್ತಾರೆ. ಮದ್ದಳೆಯವರು ವೋಗ್ಲಿಬೋಸ್ ಎಂಬ ಇನ್ನೊಂದು ಮದ್ದನ್ನೂ ತೆಗೆದುಕೊಳ್ಳುತ್ತಿದ್ದರು. ಅದು ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅಂಥವರಿಗೆ ಶುಗರ್ ಇಳಿದಾಗ ಸಕ್ಕರೆ ಹಾಕಿದ ಚಾ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಅದನ್ನೂ ಹೇಳಿದೆ.

ಆಮೇಲಿನ ತಿಂಗಳುಗಳು

ಫೆಬ್ರುವರಿಯಲ್ಲಿ ಅಣ್ಣ ಒಂದು ಅಂಕಿ ಹಿಡಿದು ಬಂದರು. ರಂಗಕ್ಕೆ ಹೋಗುವಾಗ 138. ಒಡ್ಡೋಲಗ, ಅಂದರೆ ವೇಷದ ಅಬ್ಬರದ ರಂಗಪ್ರವೇಶ, ಮುಗಿಸಿ ಬಂದ ಕೂಡಲೇ 221. ನಡುವೆ ಏನೂ ತಿಂದಿಲ್ಲ. "ಇದು ಹೇಗೆ ಮೇಡಂ? ಕುಣಿದರೆ ಇಳಿಯಬೇಕಲ್ವಾ?" ದೊಂದಿ ಹಿಡಿದು, ರಾಳ ಎರಚಿ, ಅಬ್ಬರಿಸುತ್ತಾ ಬರುವ ವೇಷ. ಅಂಥ ಜೋರಿನ ಹೊತ್ತಿಗೆ ದೇಹ ಅಡ್ರಿನಲಿನ್ ಬಿಡುತ್ತದೆ, ಲಿವರ್ ತನ್ನ ದಾಸ್ತಾನಿನ ಸಕ್ಕರೆ ಹೊರಹಾಕುತ್ತದೆ. ಒಂದೆರಡು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೆ ಹೆದರಿ ಮಾತ್ರೆ ಬೇಡ ಅಂದೆ. ಬೆಳಿಗ್ಗೆ ಐದಕ್ಕೆ 126 ಇತ್ತು ಅಂತ ಮಾರನೇ ದಿನ ಫೋನ್ ಮಾಡಿ ಹೇಳಿದರು.

ಶಿವರಾತ್ರಿಯಂದು ಉಪವಾಸ ಮಾಡಿ ಮಧ್ಯಾಹ್ನದ ಮಾತ್ರೆಯನ್ನೂ ನುಂಗಿದ್ದರು. ಸಂಜೆ 66. ಅದು ಬಿಟ್ಟರೆ ಮದ್ದು ಬದಲಾದ ಮೇಲಿನ ಆರು ವಾರ 70ರ ಕೆಳಗೆ ಒಂದೂ ಇಲ್ಲ. ಊಟ ಇಲ್ಲದ ದಿನ ಆ ಮಾತ್ರೆಯೂ ಇಲ್ಲ ಎಂದು ಡಾಕ್ಟರ್ ಚೀಟಿಯಲ್ಲೇ ಬರೆದುಕೊಟ್ಟರು.

ಪಾದ ಜುಮುಗುಡುವ ದೂರು ಇತ್ತು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು. ನೋಡಿದರೆ ಕಡಿಮೆಯೇ ಇತ್ತು, ಅದಕ್ಕೆ ಮದ್ದಾಯಿತು. ಬರಿಗಾಲಲ್ಲಿ ಕುಣಿಯುವವರು, ಹಾಗಾಗಿ ಆಟ ಮುಗಿದ ಮೇಲೆ ಪಾದ ತೊಳೆದು ಅಡಿ ಭಾಗ ನೋಡುವ ಕೆಲಸ ಅಕ್ಕ ವಹಿಸಿಕೊಂಡರು.

ಮಾರ್ಚ್ ಕೊನೆಗೆ ಎಚ್‌ಬಿಎ1ಸಿ 7.6. ಖಾಲಿ ಹೊಟ್ಟೆಯ ಪರೀಕ್ಷೆಯನ್ನು ಆಟವಿಲ್ಲದ ದಿನ, ರಾತ್ರಿ ಮಲಗಿ ಎದ್ದ ಮೇಲೆ ಮಾಡಿಸಿದೆವು. 134. ನವೆಂಬರಿನಲ್ಲೇ ಹೀಗೆ ಮಾಡಿಸಿದ್ದರೆ ಎಷ್ಟು ಬಂದಿರುತ್ತಿತ್ತೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪತ್ತನಾಜೆ ಕಳೆಯಿತು. ಇಲ್ಲಿ ನಾವು ಇನ್ನೊಮ್ಮೆ ಎಡವಿದೆವು. ಜೂನ್ ಮೊದಲ ವಾರ ಬನ್ನಿ ಅಂದಿದ್ದೆ, ಅವರು ಬಂದದ್ದು ಜುಲೈಯಲ್ಲಿ. ನಾನೂ ಫೋನ್ ಮಾಡಿ ಕೇಳಲಿಲ್ಲ. ಆರು ವಾರ ಕುಣಿತ ಇಲ್ಲ. ಹೊರಗೆ ಹಿಡಿದ ಮಳೆ, ನಡಿಗೆಯೂ ಇಲ್ಲ. ಮನೆ ಹಿತ್ತಲಲ್ಲಿ ಹಲಸಿನ ಹಣ್ಣು. ಸಂಜೆಗೆ ಹಪ್ಪಳ, ಗೋಳಿಬಜೆ. ಟ್ರಾಲ್ ಬೋಟುಗಳಿಗೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ರಜೆ, ಮೀನು ದುಬಾರಿ. ಅದರ ಜಾಗವನ್ನು ಊಟದಲ್ಲಿ ಅನ್ನವೇ ತುಂಬಿತ್ತು. ಬೆಳಗಿನ ಶುಗರ್ 190ರಿಂದ 215. ಈ ಸಲ ನಿಜವಾದ ಖಾಲಿ ಹೊಟ್ಟೆಯದ್ದು. ತಿರುಗಾಟದ ಮನುಷ್ಯನಿಗೆ ಹೊಂದಿಸಿದ ಮದ್ದು ಮನೆಯಲ್ಲಿ ಕೂತ ಮನುಷ್ಯನಿಗೆ ಸಾಲಲಿಲ್ಲ.

ಈಗ ಅಣ್ಣನ ಹೆಸರಿನಲ್ಲಿ ನಮ್ಮ ಕಡತದಲ್ಲಿ ಎರಡು ಚೀಟಿ ಇವೆ. ಒಂದಕ್ಕೆ ಅಕ್ಕ "ಗೆಜ್ಜೆ ಚೀಟಿ" ಎಂದು ಹೆಸರಿಟ್ಟಿದ್ದಾರೆ. ಇನ್ನೊಂದು "ಮಳೆಗಾಲದ ಚೀಟಿ". ಅದರಲ್ಲಿ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಬೆಳಗಿನ ತಿಂಡಿ ಜೊತೆ, ಮಧ್ಯಾಹ್ನ ಇಲ್ಲ. ಅನ್ನ ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಮುಕ್ಕಾಲು. ಹಲಸಿನ ಹಣ್ಣು ನಾಲ್ಕು ತೊಳೆ, ಊಟದ ಜೊತೆ ಬೇಡ. ನಡಿಗೆಗೆ ಮಳೆ ಬಿಡದ್ದರಿಂದ ಅವರು ಊರಿನ ಮಕ್ಕಳಿಗೆ ಸಂಜೆ ಒಂದು ಗಂಟೆ ಹೆಜ್ಜೆ ಕಲಿಸಲು ಶುರುಮಾಡಿದರು. ತಾವೂ ಕುಣಿದು ತೋರಿಸಬೇಕಲ್ಲ, ಅದು ನಡಿಗೆಗಿಂತ ಚೆನ್ನಾಗಿ ಕೆಲಸ ಮಾಡಿತು. ಅಕ್ಟೋಬರಿನ ಎಚ್‌ಬಿಎ1ಸಿ 7.3.

ಒಂದು ವಿಷಯ ಮಾತ್ರ ವರ್ಷವಿಡೀ ಮುಂದಕ್ಕೆ ಹೋಗುತ್ತಲೇ ಇತ್ತು, ಕಣ್ಣಿನ ಪರೀಕ್ಷೆ. ಪಾಪೆ ಹಿಗ್ಗಿಸಲು ಹಾಕುವ ಹನಿಯಿಂದ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಅವತ್ತು ರಾತ್ರಿ ಚುಟ್ಟಿ ಇಡಬೇಕಾದವರು ಹೇಗೆ ಒಪ್ಪಿಯಾರು? ಕೊನೆಗೆ ಆಗಸ್ಟಿನಲ್ಲಿ ಮಾಡಿಸಿಕೊಂಡರು. ಬಲಗಣ್ಣಿನ ಅಕ್ಷಿಪಟಲದಲ್ಲಿ ಸಕ್ಕರೆ ಕಾಯಿಲೆಯ ಆರಂಭದ ಗುರುತು ಇದೆ, ದೃಷ್ಟಿಗೆ ಸದ್ಯ ತೊಂದರೆ ಇಲ್ಲ. ಆರು ತಿಂಗಳಿಗೆ ಮತ್ತೆ ನೋಡಬೇಕು ಎಂದರು. ಆರು ತಿಂಗಳು ಅಂದರೆ ಫೆಬ್ರುವರಿ, ತಿರುಗಾಟದ ನಟ್ಟನಡುವೆ. ಆ ತಿಂಗಳಲ್ಲಿ ಅವರಿಗೆ ವೇಷವಿಲ್ಲದ ಒಂದು ರಾತ್ರಿಯನ್ನು ಮೇಳದ ಮೆನೇಜರರ ಹತ್ತಿರ ಕೇಳಿ ಈಗಲೇ ಗುರುತು ಹಾಕಿಸಿದ್ದೇವೆ.